ಮೂರು ಸರಸ್ವತೀ ಭಂಡಾರಗಳು

ಯಾತ್ರೆಗೆ ಹೊರಡುವ ನಮ್ಮ ಗೃಹಸ್ಥರು ದೇವಸ್ಥಾನ, ಅರಮನೆ, ಅಣೆಕಟ್ಟು, ಜಲಪಾತ ಇವುಗಳನ್ನು ಕಂಡು ಬರುವುದು ವಾಡಿಕೆ. ಮೈಸೂರಿಗೆ ಹೋದವರು ಚಾಮುಂಡಿಬೆಟ್ಟವನ್ನು ನೋಡದೆ ಹಿಂದಿರುಗುವುದಿಲ್ಲ. ಬೆಂಗಳೂರಿಗೆ ಹೋದವರು ಲಾಲ್‌ಬಾಗನ್ನು ಸುತ್ತದೆ ಬರುವುದಿಲ್ಲ. ಆದರೆ ಈ ಎರಡು ನಗರಗಳಲ್ಲಿಯೂ, ಇವುಗಳ ನಡುವಣ ದಾರಿಯಲ್ಲಿಯೂ, ಯಾತ್ರಿಕರ ಪಟ್ಟಿಯನ್ನು ಸೇರದ ಇನ್ನೊಂದು ಬಗೆಯ ಕ್ಷೇತ್ರಗಳುಂಟು. ಅವು ವಿದ್ಯಾಸಂಸ್ಥೆಗಳ ಗ್ರಂಥಾಲಯಗಳು. ಈಗ್ಗೆ ಸುಮಾರು ಮೂವತ್ತು ವರ್ಷಗಳಿಂದ ಅವುಗಳೊಳಗೆ ದೊಡ್ಡದೊಂದು ಮಾರ್ಪಾಡು ಸದ್ದಿಲ್ಲದೆ ನಡೆದುಬರುತ್ತಿದೆ. ಹೊರಗೆ ನಿಂತು ನೋಡುವವರಿಗೆ ಕಟ್ಟಡವು ಇದ್ದಂತೆಯೇ ಇರುವುದರಿಂದ ಒಳಗಣ ಬದಲಾವಣೆಯು ಕಣ್ಣಿಗೆ ಬೀಳುವುದಿಲ್ಲ.

ಆ ಮಾರ್ಪಾಡನ್ನು ಎರಡು ಮಾತಿನಲ್ಲಿ ಹೇಳಬಹುದು. ಕಾಗದದ ಮೇಲೆ ಅಚ್ಚಾಗಿ, ರಟ್ಟು ಕಟ್ಟಿಸಿಕೊಂಡು, ಬೀರುಗಳಲ್ಲಿ ಸಾಲಾಗಿ ನಿಂತಿದ್ದ ವಿದ್ಯೆಯು ಈಗ ವಿದ್ಯುತ್ತಿನ ರೂಪವನ್ನು ತಾಳಿ ಓದುಗನಿದ್ದಲ್ಲಿಗೇ ಬರುತ್ತಿದೆ. ಇದರಿಂದ ಗ್ರಂಥಾಲಯಕ್ಕೆ ಏನಾಯಿತು? ಅಲ್ಲಿಗೆ ಬರುತ್ತಿದ್ದ ಓದುಗನಿಗೆ ಏನಾಯಿತು? ಮಕ್ಕಳನ್ನು ಕಾಲೇಜಿಗೆ ಕಳುಹಿಸಿ, ಪ್ರತಿವರ್ಷವೂ ಗ್ರಂಥಾಲಯದ ಬಾಬಿನ ಹಣವನ್ನೂ ಸೇರಿಸಿ ಶುಲ್ಕ ಕಟ್ಟುವ ತಂದೆತಾಯಿಗಳು ಇದನ್ನು ಕೇಳುವುದು ನ್ಯಾಯವೇ ಆಗಿದೆ. ಉತ್ತರವನ್ನು ಕಣ್ಣಾರೆ ಕಂಡು ತಿಳಿಯೋಣವೆಂದು ನಾವು ಮಿತ್ರರೊಬ್ಬರೊಡನೆ ಮೈಸೂರಿನಿಂದ ಬೆಂಗಳೂರಿನವರೆಗೆ ಸಣ್ಣದೊಂದು ಯಾತ್ರೆಯನ್ನು ಕೈಕೊಂಡೆವು. ದಾರಿ ಸುಮಾರು ೧೪೦ ಕಿಲೋಮೀಟರು ಮಾತ್ರ. ಆದರೆ ತಾಳೆಯೋಲೆಯಿಂದ ಹೊರಟು ಕಂಪ್ಯೂಟರನ್ನು ಮುಟ್ಟುವ ಈ ಪ್ರಯಾಣದಲ್ಲಿ ಎಷ್ಟೋ ಶತಮಾನಗಳನ್ನು ದಾಟಬೇಕಾಗುವುದು.

೧

ಮೈಸೂರಿನ ಕೃಷ್ಣರಾಜ ಬುಲೆವಾರ್ಡ್ ರಸ್ತೆಯ ಬದಿಯಲ್ಲಿ ಒಂದು ಹಳೆಯ ಕಟ್ಟಡವಿದೆ. ೧೮೮೭ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿದುದರ ನೆನಪಿಗಾಗಿ ಕಟ್ಟಿಸಿದ ಈ ಕಟ್ಟಡಕ್ಕೆ ಜ್ಯುಬಿಲಿ ಕಟ್ಟಡವೆಂದೇ ಹೆಸರಾಯಿತು. ೧೮೯೧ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ, ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯ ಚರಿತ್ರೆಯು ಇದರೊಡನೆ ಬೆಸೆದುಕೊಂಡಿದೆ. ಅದೇ ಸಂಸ್ಥೆಯು ಈಗ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ. ನಾಡಿನ ಮೂಲೆಮೂಲೆಗಳಿಂದ ತಂದ ತಾಳೆಯೋಲೆಯ ಕಟ್ಟುಗಳು ಇಲ್ಲಿ ಸೇರಿವೆ.

ಓಲೆಯ ಗ್ರಂಥವನ್ನು ನೋಡದವರಿಗಾಗಿ ಒಂದೆರಡು ಮಾತು. ತಾಳೆಯ ಗರಿಯನ್ನು ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯುವರು. ಕೊರೆದ ಗೀಟುಗಳೊಳಗೆ ಕಾಡಿಗೆಯನ್ನು ತೀಡಿದರೆ ಬರಹವು ಕಪ್ಪಾಗಿ ಎದ್ದು ಕಾಣುವುದು. ಓಲೆಗಳಿಗೆ ರಂಧ್ರಮಾಡಿ, ದಾರವನ್ನು ಪೋಣಿಸಿ, ಮೇಲೂ ಕೆಳಗೂ ಹಲಗೆಯನ್ನಿಟ್ಟು ಕಟ್ಟಿದರೆ ಗ್ರಂಥವಾಯಿತು. ಹುಳುವಿನ ಬಾಯಿಗೂ ತೇವಕ್ಕೂ ಸಿಕ್ಕದೆ ಉಳಿದರೆ ಇದು ಕೆಲವು ಶತಮಾನ ಬಾಳುವುದು. ಬಳಿಕ ಯಾರಾದರೂ ಕುಳಿತು ಮತ್ತೆ ಪ್ರತಿಮಾಡಲೇಬೇಕು. ಪ್ರತಿಮಾಡುವವರು ಇಲ್ಲದೆ ಹೋದ ಗ್ರಂಥವು ಲೋಕದಿಂದ ಮರೆಯಾಗುವುದು.

ಹಾಗೆ ಮರೆಯಾಯಿತೆಂದು ವಿದ್ವಾಂಸರು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ದೊರೆತದ್ದು ಈ ಲೈಬ್ರರಿಯಲ್ಲಿ. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಯ ಕಟ್ಟನ್ನು ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಬಿಚ್ಚಿ ಓದಿ, ಅದು ಏನೆಂಬುದನ್ನು ಗುರುತಿಸಿದರು. ೧೯೦೯ರಲ್ಲಿ ಮೂಲವನ್ನು ಅಚ್ಚುಹಾಕಿಸಿದರು. ೧೯೧೫ರಲ್ಲಿ ಅದರ ಇಂಗ್ಲಿಷ್ ಭಾಷಾಂತರವನ್ನು ಪುಸ್ತಕವಾಗಿ ಪ್ರಕಟಿಸಿದರು. ಪ್ರಾಚೀನ ಭಾರತದ ರಾಜ್ಯಪದ್ಧತಿಯನ್ನು ಕುರಿತು ಲೋಕವು ಅಲ್ಲಿಯವರೆಗೆ ಆಡುತ್ತಿದ್ದ ಮಾತೇ ಆ ಬಳಿಕ ಬೇರೆಯಾಯಿತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಎರಡು ಸಂಗತಿಗಳಿವೆ. ಎಲ್ಲಿಯೋ ಯಾರೋ ಪ್ರತಿಮಾಡಿಟ್ಟುದರಿಂದ ಗ್ರಂಥವು ಉಳಿಯಿತು, ಇದು ಒಂದು. ಬಂದ ಕಟ್ಟನ್ನು ಪಟ್ಟಿಗೆ ಸೇರಿಸಿ ಬೀರುವಿನಲ್ಲಿಟ್ಟು ಸುಮ್ಮನಾಗದೆ ಬಿಚ್ಚಿ ಓದಬಲ್ಲ ಒಬ್ಬ ಮನುಷ್ಯರು ಆ ಭಂಡಾರದಲ್ಲಿ ಇದ್ದುದರಿಂದ ಅದು ಬೆಳಕಿಗೆ ಬಂದಿತು, ಇದು ಎರಡು. ಉಳಿಸುವ ಕೈ, ಓದುವ ಕಣ್ಣು ಎಂಬ ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ನಡೆಯೋಣ.

ಜ್ಯುಬಿಲಿ ಕಟ್ಟಡದಿಂದ ನಾವು ಮಾನಸಗಂಗೋತ್ರಿಗೆ ಹೋದೆವು. ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ, ಮರಗಳ ನೆರಳಿನಲ್ಲಿ ಹರಡಿರುವ ಈ ವಿದ್ಯಾಕ್ಷೇತ್ರಕ್ಕೆ ಹೆಸರಿಟ್ಟವರು ಕುವೆಂಪು ಅವರು. ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆದಾಡುವವರ ಸಾಲು, ನೀರಿನಂಚಿನಲ್ಲಿ ಹಕ್ಕಿಗಳ ಸಾಲು. ಅದನ್ನು ದಾಟಿ ಬಂದರೆ ಓದುವವರ ಸಾಲು. ಗ್ರಂಥಾಲಯದ ಆವರಣದಲ್ಲಿ ಮೇಜುಗಳ ಮುಂದೆ ವಿದ್ಯಾರ್ಥಿಗಳು ತುಂಬಿದ್ದರು. ಆದರೆ ಅವರಲ್ಲಿ ಬಹುಮಂದಿಯ ಮುಂದಿದ್ದುದು ಗ್ರಂಥಾಲಯದ ಪುಸ್ತಕವಲ್ಲ. ಮನೆಯಿಂದ ತಂದ ಲ್ಯಾಪ್‌ಟಾಪು, ಇಲ್ಲವೆ ಅಂಗೈಯಗಲದ ಫೋನು. ಪುಸ್ತಕಗಳಿಗೆಂದು ಕಟ್ಟಿದ ಮನೆಗೆ ಬಂದು, ತಮ್ಮ ಪುಸ್ತಕವನ್ನು ತಾವೇ ಗಾಳಿಯಲ್ಲಿ ತರಿಸಿಕೊಂಡು ಓದುವ ಈ ನೋಟವು ನಮ್ಮ ಮಿತ್ರರಿಗೆ ವಿಚಿತ್ರವಾಗಿ ತೋರಿತು. “ಹಾಗಾದರೆ ಮನೆಯಲ್ಲಿಯೇ ಓದಬಹುದಲ್ಲಾ!” ಎಂದರು.

ಅದಕ್ಕೆ ಉತ್ತರವನ್ನು ಕೊಟ್ಟವಳು ಕೊಳ್ಳೇಗಾಲದ ಕಡೆಯ ಒಬ್ಬ ಸಂಶೋಧನ ವಿದ್ಯಾರ್ಥಿನಿ. “ಮನೇಲಿ ನಾವು ಆರು ಜನ, ಒಂದೇ ಕೋಣೆ ಸಾರ್. ಇಲ್ಲಿ ಮೇಜಿದೆ, ದೀಪವಿದೆ, ಸುಮ್ಮನಿರೋ ಜನವಿದ್ದಾರೆ” ಎಂದಳು. ಆಕೆಯು ಜನಪದ ಕಥನಗಳನ್ನು ಕುರಿತು ಪ್ರಬಂಧವನ್ನು ಸಿದ್ಧಪಡಿಸುತ್ತಿದ್ದಳು. ಹಿಂದೆ ಇಂತಹ ಕೆಲಸಕ್ಕೆ ತೊಡಗಿದವರು ಧಾರವಾಡದಲ್ಲಿ ಯಾರು ಏನು ಬರೆದಿದ್ದಾರೆ, ಕಲಬುರ್ಗಿಯಲ್ಲಿ ಯಾರು ಏನು ಬರೆದಿದ್ದಾರೆ ಎಂಬುದನ್ನು ತಿಳಿಯಲು ಊರಿಂದೂರಿಗೆ ಅಲೆಯಬೇಕಾಗಿತ್ತು. ಏಕೆಂದರೆ ಡಾಕ್ಟರೇಟು ಪದವಿಗೆ ಬರೆದ ಪ್ರಬಂಧದ ಟೈಪುಮಾಡಿದ ಪ್ರತಿಯು ಆಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಮಾತ್ರ ಇರುತ್ತಿತ್ತು. ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು ೨೦೦೯ರಲ್ಲಿ ಮಾಡಿದ ನಿಯಮದಂತೆ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸುವ ಪದ್ಧತಿ ಬಂದಿತು. ಅವನ್ನೆಲ್ಲ ಒಂದೆಡೆ ಸೇರಿಸಿಡುವ ಭಂಡಾರಕ್ಕೆ ‘ಶೋಧಗಂಗಾ’ ಎಂದು ಹೆಸರು. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರವು ಇದನ್ನು ನಡೆಸುತ್ತಿದೆ. ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿವೆ. “ಧಾರವಾಡಕ್ಕೆ ಒಂದು ಸಲವೂ ಹೋಗಿಲ್ಲ. ಆದರೆ ಅಲ್ಲಿಯವರ ನಾಲ್ಕು ಥೀಸಿಸ್ ಓದಿದ್ದೇನೆ” ಎಂದು ಹುಡುಗಿಯು ಹೆಮ್ಮೆಯಿಂದ ಹೇಳಿದಳು. ಬಡವರ ಮನೆಯ ಮಕ್ಕಳಿಗೆ ಬಸ್ಸಿನ ಖರ್ಚೂ ಛತ್ರದ ವಾಸವೂ ಉಳಿದುದು ಸಾಮಾನ್ಯ ಲಾಭವಲ್ಲ.

ಇದೇ ಆವರಣದ ನೆರೆಯಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವಿದೆ. ೨೦೧೬ರಲ್ಲಿ ಅಲ್ಲಿಂದ ಆರಂಭವಾದ ‘ಭಾರತವಾಣಿ’ಯ ಮೂಲಕ ಭಾರತದ ಹಲವು ಭಾಷೆಗಳ ನಿಘಂಟುಗಳೂ ಪುಸ್ತಕಗಳೂ ಅಂತರಜಾಲದಲ್ಲಿ ದೊರೆಯುತ್ತಿವೆ. ಕಣ್ಣು ಕಾಣದವರ ವಿಷಯವನ್ನೂ ಇಲ್ಲಿ ಹೇಳಬೇಕು. ಅಚ್ಚಿನ ಪುಸ್ತಕವನ್ನು ಅವರಿಗೆ ಬೇರೊಬ್ಬರು ಓದಿಹೇಳಬೇಕಾಗಿತ್ತು. ವಿದ್ಯುನ್ಮಾನ ಪುಸ್ತಕವನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಿಹೇಳಬಲ್ಲುದು. ಆದರೆ ಒಂದು ನಿಬಂಧನೆಯುಂಟು: ಪುಟದ ಬರಿಯ ಚಿತ್ರವಿದ್ದರೆ ಯಂತ್ರವು ಮೂಕವಾಗುವುದು, ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರವು ಗುರುತಿಸಿ ಪಠ್ಯವಾಗಿ ಮಾರ್ಪಡಿಸಿದ್ದರೆ ಮಾತ್ರ ಮಾತನಾಡುವುದು. ಹಳೆಯ ಕನ್ನಡ ಅಚ್ಚುಮೊಳೆಗಳ ಒತ್ತಕ್ಷರಗಳಲ್ಲಿ ಯಂತ್ರವು ಈಗಲೂ ಎಡವುವುದುಂಟು. ಈ ಕೆಲಸವು ಇಂಗ್ಲಿಷಿನಲ್ಲಿ ಮುಂದುವರಿದಷ್ಟು ಕನ್ನಡದಲ್ಲಿ ಮುಂದುವರಿದಿಲ್ಲ.

೨

ಮೈಸೂರಿನಿಂದ ರೈಲನ್ನು ಹತ್ತಿದೆವು. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ, ಕಬ್ಬಿನ ಗದ್ದೆಗಳ ನಡುವೆ ಗಾಡಿಯು ಸಾಗಿತು. ದಾರಿಯ ಒಂದು ತಾಲ್ಲೂಕು ಊರಿನಲ್ಲಿ ನಾವು ಇಳಿದೆವು. ಊರಿನ ಹೆಸರೂ ಅಲ್ಲಿಯ ಕಾಲೇಜಿನ ಹೆಸರೂ ಇಲ್ಲಿ ಬೇಡ. ಇಂತಹ ಊರುಗಳೂ ಇಂತಹ ಕಾಲೇಜುಗಳೂ ನಾಡಿನಲ್ಲಿ ಅನೇಕವಾಗಿರುವುದರಿಂದ ವಾಚಕರು ತಮ್ಮ ಸಮೀಪದ ಒಂದನ್ನು ಊಹಿಸಿಕೊಂಡರೆ ಸಾಕು.

ಕಾಲೇಜಿನ ಗ್ರಂಥಪಾಲಕರು ನಮ್ಮನ್ನು ಆದರದಿಂದ ಬರಮಾಡಿಕೊಂಡರು. ಉದ್ದನೆಯ ಹಜಾರ, ಒಂದು ಬದಿಯಲ್ಲಿ ಉಕ್ಕಿನ ಬೀರುಗಳು, ಮತ್ತೊಂದು ಬದಿಯಲ್ಲಿ ಹೊಸದಾಗಿ ತಂದಿರಿಸಿದ ಹನ್ನೆರಡು ಕಂಪ್ಯೂಟರುಗಳು. ಕಾರ್ಡುಗಳನ್ನು ಜೋಡಿಸಿಡುತ್ತಿದ್ದ ಸಣ್ಣ ಸಣ್ಣ ಡ್ರಾಯರುಗಳ ಮರದ ಪೆಟ್ಟಿಗೆಯು ಮೂಲೆಯಲ್ಲಿ ನಿಂತಿತ್ತು. ಅದರ ಮೇಲೆ ಈಗ ಕುಡಿಯುವ ನೀರಿನ ಹೂಜಿಯನ್ನು ಇಟ್ಟಿದ್ದರು. ಪತ್ರಿಕೆಗಳನ್ನಿಡುವ ಇಳಿಜಾರು ಹಲಗೆಗಳು ಬಹುಮಟ್ಟಿಗೆ ಬರಿದಾಗಿದ್ದವು. “ಅಲ್ಲಿದ್ದ ಪತ್ರಿಕೆಗಳಿಗಿಂತ ಎಷ್ಟೋ ಪಾಲು ಹೆಚ್ಚಿನವು ಈಗ ಇದರೊಳಗಿವೆ, ಸ್ವಾಮಿ” ಎಂದು ಅವರು ಕಂಪ್ಯೂಟರಿನ ಮೇಲೆ ಕೈಯಿಟ್ಟು ಹೇಳಿದರು. ಕಾಲೇಜುಗಳಿಗಾಗಿಯೇ ೨೦೧೦ರಲ್ಲಿ ಆರಂಭವಾದ ಎನ್-ಲಿಸ್ಟ್ ಎಂಬ ಯೋಜನೆಯಿಂದ, ಸ್ವಂತ ಹಣದಲ್ಲಿ ಎಂದಿಗೂ ಕೊಳ್ಳಲಾಗದಿದ್ದ ಪುಸ್ತಕಪತ್ರಿಕೆಗಳು ಇಂತಹ ಸಣ್ಣ ಊರುಗಳಿಗೂ ಬಂದಿರುವುದು ನಿಜ.

ಹಾಗಾದರೆ ಓದುವವರು ಹೆಚ್ಚಿದರೇ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೀಗೆ ಹೇಳಿದರು: ಮೊದಲು ಹುಡುಗರು ಬಂದು ‘ಸಾರ್, ಈ ವಿಷಯದ ಮೇಲೆ ಯಾವ ಪುಸ್ತಕ ಓದಲಿ?’ ಎಂದು ಕೇಳುತ್ತಿದ್ದರು. ಈಗ ‘ಇದರ ಪಿಡಿಎಫ್ ಇದೆಯೇ?’ ಎಂದು ಕೇಳುತ್ತಾರೆ. ಮೊದಲು ಒಂದು ಪುಸ್ತಕವನ್ನು ಹುಡುಕಲು ಹೋದವನ ಕಣ್ಣಿಗೆ ಅದರ ಪಕ್ಕದ ಪುಸ್ತಕವೂ ಬಿದ್ದು, ಅದನ್ನೂ ತೆಗೆದುಕೊಂಡು ಬರುತ್ತಿದ್ದ. ಈಗ ಬೇಕಾದ ಪದವನ್ನು ಕೊಟ್ಟರೆ ಬೇಕಾದ ಪುಟವೇ ಎದ್ದು ಬರುವುದರಿಂದ ಪಕ್ಕದ ಪುಟವನ್ನೂ ನೋಡುವವರು ಕಡಮೆ. ಸರಿಯಾದ ಪದ ಯಾವುದೆಂಬುದನ್ನು ಬಲ್ಲವನಿಗೆ ಇದು ಕಾಮಧೇನು. ಬಲ್ಲದವನಿಗೆ ಸಾವಿರಾರು ಪತ್ರಿಕೆಗಳೂ ಇದ್ದು ಇಲ್ಲದಂತೆ. “ಅದನ್ನು ಕಲಿಸುವುದೇ ಈಗ ನಮ್ಮ ಕೆಲಸ. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಕ್ಕಿಂತ ಇದು ಕಷ್ಟ” ಎಂದರು. ಅವರ ಮಾತಿನಲ್ಲಿ ದೂರಿರಲಿಲ್ಲ, ಶ್ರದ್ಧೆಯಿದ್ದಿತು.

ಅಲ್ಲಿಯೇ ನಮಗೆ ನಿವೃತ್ತರಾದ ಅಧ್ಯಾಪಕರೊಬ್ಬರ ಪರಿಚಯವಾಯಿತು. ಅದೇ ಕಾಲೇಜಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಚರಿತ್ರೆಯನ್ನು ಬೋಧಿಸಿದವರು. ಅವರು ನಮ್ಮನ್ನು ಮನೆಗೆ ಕರೆದೊಯ್ದು, ಕಾಫಿಯನ್ನು ಕೊಡಿಸಿ, ತಮ್ಮ ಎರಡು ಸಂಕಟಗಳನ್ನು ಹೇಳಿಕೊಂಡರು. ಕಾಲೇಜಿನಲ್ಲಿದ್ದಾಗ ಅವರಿಗೆ ವಿದ್ಯುನ್ಮಾನ ಪತ್ರಿಕೆಗಳನ್ನು ತೆರೆಯುವ ಗುಪ್ತಪದವಿದ್ದಿತು. ತಮ್ಮ ತಾಲ್ಲೂಕಿನ ಶಾಸನಗಳ ವಿಷಯವಾಗಿ ಬರೆಯುತ್ತಿದ್ದ ಪುಸ್ತಕಕ್ಕೆ ಅವುಗಳಿಂದ ಬಹಳ ಸಹಾಯವಾಗಿತ್ತು. ನಿವೃತ್ತಿಯಾದ ಕೆಲವೇ ದಿನಗಳಲ್ಲಿ ಆ ಬಾಗಿಲು ಮುಚ್ಚಿತು. “ಕೀಲಿ ಕಸಿದುಕೊಂಡವರು ಯಾರೂ ಅಲ್ಲ, ಬಾಗಿಲೇ ನನ್ನ ಗುರುತು ಮರೆಯಿತು” ಎಂದು ನಕ್ಕರು. ಹಿಂದಿನ ಕಾಲದಲ್ಲಿ ನಿವೃತ್ತರಾದ ಮೇಷ್ಟರು ಗ್ರಂಥಾಲಯಕ್ಕೆ ಬಂದರೆ, ಜವಾನನು ಎದ್ದು ನಿಂತು ಕುರ್ಚಿಯನ್ನು ಕೊಡುತ್ತಿದ್ದನೇ ಹೊರತು ಬೀರುವನ್ನು ಮುಚ್ಚುತ್ತಿರಲಿಲ್ಲ.

ಅವರ ಇನ್ನೊಂದು ಸಂಕಟವು ನಡುಮನೆಯಲ್ಲಿಯೇ ಕಾಣುತ್ತಿತ್ತು. ಅವರ ತಂದೆಯವರು ಕೂಡಿಸಿದ್ದ ಮುನ್ನೂರು ಕನ್ನಡ ಪುಸ್ತಕಗಳು ಮೂರು ತಗಡಿನ ಟ್ರಂಕುಗಳಲ್ಲಿದ್ದವು. ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ಬಾಡಿಗೆಯ ಸಣ್ಣ ಮನೆಗಳಲ್ಲಿ ವಾಸಿಸುವವರು. ಪುಸ್ತಕಗಳನ್ನು ಕಾಲೇಜಿಗೆ ದಾನಮಾಡುವುದಾಗಿ ಹೇಳಿದರೆ, ಸ್ಥಳವಿಲ್ಲವೆಂಬ ಉತ್ತರ ಬಂದಿತು. ಹೇಗೂ ಎಲ್ಲವೂ ಅಂತರಜಾಲದಲ್ಲಿದೆಯಲ್ಲಾ ಎಂದು ಆಡಳಿತದವರು ಸಮಾಧಾನ ಹೇಳಿದರಂತೆ. ತೂಕಕ್ಕೆ ಹಾಕಲು ಅವರಿಗೆ ಮನಸ್ಸಿಲ್ಲ. ಇಟ್ಟುಕೊಳ್ಳಲು ಮುಂದೆ ಜನವಿಲ್ಲ. “ಎಲ್ಲವೂ ಇದೆ ಎನ್ನುತ್ತಾರೆ. ಈ ಮುನ್ನೂರರಲ್ಲಿ ಎಷ್ಟು ಇದೆ ಎಂದು ಯಾರೂ ನೋಡಲಿಲ್ಲ” ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಪುಸ್ತಕಗಳ ಹೆಸರುಗಳನ್ನೆಲ್ಲ ಒಂದು ಪಟ್ಟಿಯಾಗಿ ಬರೆದುಕೊಂಡು, ಮರುದಿನ ಬೆಂಗಳೂರಿನ ದಾರಿ ಹಿಡಿದೆವು.

೩

ರಾಮನಗರದ ಬಂಡೆಗಳನ್ನು ಕಳೆದು ಬೆಂಗಳೂರನ್ನು ಸೇರಿ, ಮಲ್ಲೇಶ್ವರದ ಆಚೆಗೆ, ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದೆವು. ಜಮ್‌ಷೆಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನವು ೧೯೦೭ರಲ್ಲಿ ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ನೆಲೆಗೊಂಡು, ೧೯೦೯ರಲ್ಲಿ ಸ್ಥಾಪಿತವಾದ ವಿದ್ಯಾಕೇಂದ್ರವಿದು. ಇದರ ಗ್ರಂಥಾಲಯವು ೧೯೧೧ರಲ್ಲಿ ಆರಂಭವಾಯಿತು. ಈಗಿನ ಕಟ್ಟಡಕ್ಕೆ ೧೯೬೫ರಲ್ಲಿ ಬಂದಿತು. ೧೯೯೫ರಲ್ಲಿ ಇದಕ್ಕೆ ಜೆ. ಆರ್. ಡಿ. ಟಾಟಾ ಅವರ ಹೆಸರನ್ನಿಟ್ಟರು. ಹೊರಗೆ ನಗರದ ಗದ್ದಲ. ಒಳಗೆ ಮರಗಳ ಸಾಲು, ಸೈಕಲಿನ ಮೇಲೆ ಹೋಗುವ ವಿದ್ಯಾರ್ಥಿಗಳು, ಒಣಗಿದೆಲೆಯ ಸಪ್ಪಳ.

ವಿಜ್ಞಾನಿಗಳಿಗೆ ಪುಸ್ತಕಕ್ಕಿಂತ ಪತ್ರಿಕೆಯು ಮುಖ್ಯ. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯು ೧೬೬೫ರಲ್ಲಿ ಆರಂಭವಾದಂದಿನಿಂದ ಹೊಸ ಶೋಧನೆಗಳು ಪತ್ರಿಕೆಗಳಲ್ಲಿಯೇ ಮೊದಲು ಪ್ರಕಟವಾಗುತ್ತ ಬಂದಿವೆ. ಇಂತಹ ಗ್ರಂಥಾಲಯಗಳು ವರ್ಷವರ್ಷವೂ ಬಂದ ಸಂಚಿಕೆಗಳನ್ನು ರಟ್ಟುಕಟ್ಟಿಸಿ ಜೋಡಿಸಿದವು. ಕಾಲಕ್ರಮದಲ್ಲಿ ಸಂಪುಟಗಳಿಗೆ ಸ್ಥಳವೂ ಸಾಲದು, ಚಂದಾಕ್ಕೆ ಹಣವೂ ಸಾಲದು ಎಂಬಂತಾಯಿತು. ಅಮೆರಿಕದಲ್ಲಿ ೧೯೯೫ರಲ್ಲಿ ‘ಜೆಸ್ಟೋರ್’ ಎಂಬ ಸಂಸ್ಥೆಯು ಹುಟ್ಟಿದುದೇ ಹಳೆಯ ಸಂಪುಟಗಳು ಕಪಾಟುಗಳನ್ನು ತುಂಬಿಬಿಟ್ಟ ತೊಂದರೆಗೆ ಪರಿಹಾರವಾಗಿ. ಅದಕ್ಕೂ ಮೊದಲು, ೧೯೯೧ರಲ್ಲಿ, ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿಯು ಅಚ್ಚಿಗೆ ಹೋಗುವ ಮೊದಲೇ ಲೇಖನಗಳನ್ನು ಎಲ್ಲರೂ ಓದುವಂತೆ ಒಂದು ಭಂಡಾರವನ್ನು ತೆರೆದನು. ‘ಆರ್ಕೈವ್’ ಎಂದು ಕರೆಯುವ ಆ ಭಂಡಾರವು ಇಂದಿಗೂ ನಡೆಯುತ್ತಿದೆ; ಓದುವವರು ಕಾಸನ್ನೂ ಕೊಡಬೇಕಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯೂ ತನ್ನ ವಿದ್ವಾಂಸರ ಲೇಖನಗಳಿಗಾಗಿ ೨೦೦೨ರಲ್ಲಿಯೇ ಇಂತಹ ಒಂದು ಭಂಡಾರವನ್ನು ಸ್ಥಾಪಿಸಿ ನಮ್ಮ ದೇಶದಲ್ಲಿ ದಾರಿತೋರಿಸಿತು.

ಇಲ್ಲಿ ಗೃಹಸ್ಥರು ತಿಳಿದುಕೊಳ್ಳಬೇಕಾದ ಒಂದು ವ್ಯಾವಹಾರಿಕ ಸೂಕ್ಷ್ಮವಿದೆ. ಅಚ್ಚಿನ ಪತ್ರಿಕೆಗೆ ಚಂದಾ ಕೊಟ್ಟರೆ ಸಂಚಿಕೆಯು ನಮ್ಮದು. ಮುಂದಿನ ವರ್ಷ ಚಂದಾವನ್ನು ನಿಲ್ಲಿಸಿದರೂ ಹಿಂದಿನ ಸಂಚಿಕೆಗಳು ಮನೆಯಲ್ಲಿಯೇ ಇರುವುವು. ವಿದ್ಯುನ್ಮಾನ ಪತ್ರಿಕೆಗೆ ಕೊಡುವ ಹಣವು ಬಹುಮಟ್ಟಿಗೆ ಬಾಡಿಗೆಯ ಹಣ. ಕರಾರಿನಲ್ಲಿ ಬೇರೆ ಮಾತು ಬರೆಯಿಸಿಕೊಳ್ಳದಿದ್ದರೆ, ಹಣ ನಿಂತ ದಿನ ಹೊಸದರೊಡನೆ ಹಳೆಯದೂ ಕೈಬಿಡಬಹುದು. ಸ್ವಂತ ಮನೆಗೂ ಬಾಡಿಗೆಯ ಮನೆಗೂ ಇರುವ ವ್ಯತ್ಯಾಸವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆಯ ಮನೆಯೂ ಸುಖವಾಗಿರಬಹುದು. ಆದರೆ ಕರಾರನ್ನು ಓದದೆ ಸಹಿ ಹಾಕಬಾರದು.

ಈ ಬಾಡಿಗೆಯನ್ನು ಒಂದೊಂದು ಕಾಲೇಜೂ ಬೇರೆಬೇರೆಯಾಗಿ ತೆರುವುದಕ್ಕಿಂತ ದೇಶವೇ ಒಟ್ಟಾಗಿ ತೆರುವುದು ಮೇಲೆಂದು ಕೇಂದ್ರಸರ್ಕಾರದ ಮಂತ್ರಿಮಂಡಲವು ೨೦೨೪ರ ನವೆಂಬರ್ ೨೫ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ೨೦೨೫, ೨೦೨೬, ೨೦೨೭ ಈ ಮೂರು ವರ್ಷಗಳಿಗೆ ಸುಮಾರು ೬,೦೦೦ ಕೋಟಿ ರೂಪಾಯಿ, ೩೦ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು, ೬,೩೦೦ಕ್ಕೂ ಹೆಚ್ಚಿನ ಸರ್ಕಾರಿ ವಿದ್ಯಾಸಂಸ್ಥೆಗಳು, ಸುಮಾರು ೧.೮ ಕೋಟಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಸಂಶೋಧಕರೂ. ಇಷ್ಟು ದೊಡ್ಡ ವಾಚನಾಲಯವನ್ನು ಯಾವ ಮಹಾರಾಜರೂ ಕಟ್ಟಿಸಲಾರದೆ ಇದ್ದರು. ವಿಜ್ಞಾನ ಸಂಸ್ಥೆಯ ವಿದ್ವಾಂಸರು ಓದುವ ಪತ್ರಿಕೆಯನ್ನೇ ಬೀದರಿನ ಸರ್ಕಾರಿ ಕಾಲೇಜಿನ ಹುಡುಗಿಯೂ ಓದುವಂತಾಗುವುದು ಸಂತೋಷದ ಮಾತು. ಆದರೆ ನಾವು ಕಂಡ ನಿವೃತ್ತ ಮೇಷ್ಟರಂತಹವರು ಯಾವ ಸಂಸ್ಥೆಗೂ ಸೇರದವರು; ಅವರಿಗೆ ಈ ಮಹಾದ್ವಾರದಲ್ಲಿಯೂ ಪ್ರವೇಶವಿಲ್ಲ. ತೆರಿಗೆಯ ಹಣದಿಂದ ನಡೆಯುವ ವಾಚನಾಲಯದಲ್ಲಿ ತೆರಿಗೆ ಕೊಡುವವನಿಗೂ ಒಂದು ಕುರ್ಚಿಯಿರಬೇಕೆಂದು ಕೇಳುವುದು ಅತಿಯಾಸೆಯೇನಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯದ ಒಂದು ಕಂಪ್ಯೂಟರಿನಲ್ಲಿಯಾದರೂ ಇದು ದೊರೆಯಬೇಕು.

ಉಳಿಸುವ ಕೈಯ ಮಾತನ್ನು ಈಗ ನೆನೆಯೋಣ. ಓಲೆಯು ಕೆಲವು ಶತಮಾನ ಬಾಳಿತು. ಇಪ್ಪತ್ತೈದು ವರ್ಷಗಳ ಹಿಂದೆ ಫ್ಲಾಪಿಯಲ್ಲಿ ತುಂಬಿಟ್ಟ ಬರಹವನ್ನು ಓದುವ ಯಂತ್ರವು ಇಂದು ಹುಡುಕಿದರೂ ಸುಲಭವಾಗಿ ದೊರೆಯದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ೨೦೨೩ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳು ದಾಳಿಮಾಡಿದಾಗ, ಪುಸ್ತಕಗಳು ಕಪಾಟಿನಲ್ಲಿಯೇ ಇದ್ದರೂ ಅವುಗಳ ಸೂಚಿಯು ಕೆಟ್ಟುಹೋಗಿ ಓದುಗರು ತಿಂಗಳುಗಟ್ಟಲೆ ಪರದಾಡಿದರು. ಇದಕ್ಕೆ ಪರಿಹಾರವಿಲ್ಲದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಲಾಕ್ಸ್ ಎಂಬ ಏರ್ಪಾಡನ್ನು ಮಾಡಿದ್ದಾರೆ. ಹಲವು ಗ್ರಂಥಾಲಯಗಳು ಒಂದೇ ಪತ್ರಿಕೆಯ ಪ್ರತಿಗಳನ್ನು ತಮ್ಮತಮ್ಮಲ್ಲಿ ಇಟ್ಟುಕೊಂಡು, ಆಗಾಗ ಒಂದನ್ನೊಂದು ಹೋಲಿಸಿ, ಕೆಟ್ಟುದನ್ನು ಸರಿಪಡಿಸಿಕೊಳ್ಳುವುದೇ ಅದರ ಮರ್ಮ. ನಮ್ಮ ಪೂರ್ವಿಕರು ಓಲೆಗಳನ್ನು ಪ್ರತಿಮಾಡಿಸಿ ಮಠಮಠಗಳಿಗೆ ಹಂಚಿದ ಉಪಾಯವೂ ಇದೇ. ಉಪಕರಣವು ಬದಲಾಯಿತು, ಧರ್ಮವು ಬದಲಾಗಲಿಲ್ಲ.

ಮೇಷ್ಟರ ಪಟ್ಟಿಯ ವಿಷಯವನ್ನು ಹೇಳದಿದ್ದರೆ ಈ ಪ್ರಯಾಣದ ಕಥೆಯು ಪೂರ್ತಿಯಾಗದು. ಬೆಂಗಳೂರಿನಲ್ಲಿ ಎರಡು ಸಂಜೆ ಕುಳಿತು ಮುನ್ನೂರು ಹೆಸರುಗಳನ್ನೂ ಅಂತರಜಾಲದ ಭಂಡಾರಗಳಲ್ಲಿ ಹುಡುಕಿದೆವು. ೧೯೯೬ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಹಳೆಯ ಕನ್ನಡ ಪುಸ್ತಕಗಳು ಬಹಳವಾಗಿವೆ. ಪಟ್ಟಿಯಲ್ಲಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದೊರೆತವು. ಕೆಲವು ಹೆಸರುಗಳ ಕಾಗುಣಿತವು ತಪ್ಪಾಗಿದ್ದುದರಿಂದ ನಾಲ್ಕಾರು ಬಗೆಯಾಗಿ ಹುಡುಕಬೇಕಾಯಿತು. ಉಳಿದವು ಎಲ್ಲಿಯೂ ಕಾಣಲಿಲ್ಲ. ಅವುಗಳಲ್ಲಿ ಒಂದು ಊರಿನ ಜಾತ್ರೆಯ ಚರಿತ್ರೆ, ಒಂದು ಸಹಕಾರ ಸಂಘದ ರಜತೋತ್ಸವದ ಸಂಚಿಕೆ, ಒಂದು ಅಡುಗೆಯ ಪುಸ್ತಕ ಇವು ಸೇರಿದ್ದವು. ಎಲ್ಲವೂ ಇದೆ ಎಂಬ ಮಾತಿಗೆ ಆ ಮೂರು ಟ್ರಂಕುಗಳೇ ಉತ್ತರ.

ಬೆಂಗಳೂರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನು ಮಾಡಿ ಅದೇ ಭಂಡಾರಕ್ಕೆ ಸೇರಿಸುವ ಸ್ವಯಂಸೇವಕರಿದ್ದಾರೆ. ಇದಕ್ಕೆ ಕಾನೂನಿನ ಒಂದು ಮಿತಿಯುಂಟು: ನಮ್ಮ ದೇಶದಲ್ಲಿ ಗ್ರಂಥಸ್ವಾಮ್ಯವು ಲೇಖಕರ ಜೀವಿತಕಾಲವೂ ಅವರು ತೀರಿಕೊಂಡ ಮರುವರ್ಷದಿಂದ ೬೦ ವರ್ಷಗಳೂ ಇರುವುದು. ೧೯೨೧ರಲ್ಲಿ ತೀರಿಕೊಂಡ ಕೆರೂರು ವಾಸುದೇವಾಚಾರ್ಯರ ಪುಸ್ತಕವನ್ನು ಯಾರು ಬೇಕಾದರೂ ಹೀಗೆ ಹಂಚಬಹುದು. ೧೯೮೬ರಲ್ಲಿ ತೀರಿಕೊಂಡ ಮಾಸ್ತಿಯವರ ಪುಸ್ತಕಕ್ಕೆ ಹಕ್ಕುದಾರರ ಅನುಮತಿ ಬೇಕು. ವಿಷಯವನ್ನು ಮೇಷ್ಟರಿಗೆ ತಿಳಿಸಿದೆವು. ಕಾಣದೆ ಇದ್ದ ಪುಸ್ತಕಗಳಲ್ಲಿ ಹಕ್ಕಿನ ತೊಡಕಿಲ್ಲದವನ್ನು ಬೇರೆ ಮಾಡಿ, ಅವರು ಒಂದು ಟ್ರಂಕನ್ನು ಬೆಂಗಳೂರಿಗೆ ಕಳುಹಿಸಿದ್ದಾರೆ. ಉಳಿದ ಎರಡು ಟ್ರಂಕುಗಳು ಈಗಲೂ ಅವರ ನಡುಮನೆಯಲ್ಲಿಯೇ ಇವೆ. ಅವುಗಳ ಗತಿ ಏನೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಈ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟರು. ತಮ್ಮ ಕಡೆಯ ದಿನಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. ಪುಸ್ತಕವಿರುವುದು ಉಪಯೋಗಕ್ಕೆ, ಓದುಗನ ಕಾಲವನ್ನು ಉಳಿಸಬೇಕು, ಗ್ರಂಥಾಲಯವು ಬೆಳೆಯುತ್ತಿರುವ ಜೀವಿ ಎಂಬುದು ಅವುಗಳ ಸಾರದ ಒಂದು ಭಾಗ. ಕಾಲವನ್ನು ಉಳಿಸುವುದರಲ್ಲಿ ಹೊಸ ಯಂತ್ರವನ್ನು ಮೀರಿದುದಿಲ್ಲ. ಆದರೆ ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವು ದೊರೆಯಬೇಕೆಂಬ ಸೂತ್ರವು ಗುಪ್ತಪದದ ಬಾಗಿಲಿನ ಹೊರಗೆ ಇನ್ನೂ ಕಾದು ನಿಂತಿದೆ.

ಆದುದರಿಂದ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಗೃಹಸ್ಥರು ಇನ್ನು ಮುಂದೆ ಶುಲ್ಕವನ್ನು ಕಟ್ಟುವಾಗ ಗ್ರಂಥಾಲಯವನ್ನೂ ಒಮ್ಮೆ ಹೊಕ್ಕು ನೋಡಲಿ. ಬೀರುಗಳೆಷ್ಟು, ಕಂಪ್ಯೂಟರುಗಳೆಷ್ಟು ಎಂದು ಎಣಿಸುವುದರ ಜೊತೆಗೆ, ಹುಡುಗರಿಗೆ ಹುಡುಕುವುದನ್ನು ಕಲಿಸಬಲ್ಲ ಗ್ರಂಥಪಾಲಕರು ಇದ್ದಾರೆಯೇ, ಚಂದಾ ನಿಂತರೆ ಏನು ಉಳಿಯುವುದು, ಮನೆಯಿಂದಲೂ 

ಓದಲು ಅನುಕೂಲವಿದೆಯೇ ಎಂದು ಕೇಳಲಿ. ಮನೆಯ ಅಟ್ಟದ ಮೇಲೆ ಹಿರಿಯರ ಪುಸ್ತಕಗಳಿದ್ದರೆ, ತೂಕಕ್ಕೆ ಹಾಕುವ ಮೊದಲು ಹೆಸರುಗಳ ಪಟ್ಟಿಯೊಂದನ್ನು ಮಾಡಿ, ಮನೆಯ ಮಕ್ಕಳಿಂದಲೇ ಅಂತರಜಾಲದಲ್ಲಿ ಹುಡುಕಿಸಲಿ. ಒಂದು ಸಂಜೆಯ ಕೆಲಸವಷ್ಟೆ. ಎಲ್ಲಿಯೂ ಕಾಣದ ಪುಸ್ತಕವೊಂದು ಅಲ್ಲಿ ದೊರೆತರೆ, ಅದನ್ನು ಉಳಿಸುವ ಭಾರವು ಆ ಮನೆಯವರದೇ ಎಂದು ತಿಳಿಯಬೇಕು.